ಕಟಿವಸ್ತ್ರ ನಿರ್ಣಯ: ಅರಿವಿ–ಪ್ಯಾಂಪರ್ ವಿವಾದದ ಶಾಸ್ತ್ರೀಯ ವಿಚಾರ

ವಿಷಯ ಮತ್ತು ಕ್ಷೇತ್ರ

ಕಟಿವಸ್ತ್ರವೆಂದರೆ ಕೂಸಿನ ಸೊಂಟಕ್ಕೂ ಜಗತ್ತಿನ ಉಳಿದ ವಸ್ತುಗಳಿಗೂ ನಡುವೆ ಕಟ್ಟಿದ ತಡೆ. ಉಳಿದ ವಸ್ತುಗಳು ಎಂಬಲ್ಲಿ ಹೊರಸು, ಕೌದಿ, ಆಯಿಯ (ಅಜ್ಜಿಯ) ಮಡಿಲು, ಕೂಸನ್ನು ನೋಡಲು ಬಂದ ಬೀಗರ ಇಸ್ತ್ರಿ ಧೋತರ, ಕಲಬುರಗಿಗೆ ಹೊರಟ ಬಸ್ಸಿನ ಸೀಟು ಎಲ್ಲವೂ ಸೇರುತ್ತವೆ. ಈ ತಡೆ ಎರಡು ಬಗೆ: ಒಗೆದು ಮತ್ತೆ ಕಟ್ಟುವುದು, ಕಟ್ಟಿ ಎಸೆಯುವುದು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಮೊದಲನೆಯದಕ್ಕೆ ಅರಿವಿ ಎನ್ನುತ್ತಾರೆ. ಎರಡನೆಯದನ್ನು ಯಾವ ಕಂಪನಿ ತಯಾರಿಸಿದ್ದರೂ ಪ್ಯಾಂಪರ್ ಎಂದೇ ಕರೆಯುತ್ತಾರೆ. ಇವೆರಡರಲ್ಲಿ ಶ್ರೇಷ್ಠ ಯಾವುದೆಂಬ ವಿವಾದ ಬಾಣಂತಿಯ ಕೋಣೆಯಲ್ಲಿ ಹುಟ್ಟಿ, ಅಡುಗೆಮನೆಯಲ್ಲಿ ಬೆಳೆದು, ಪಡಸಾಲೆಯಲ್ಲಿ ಬಲಿತು, ಗಂಡಸರು ಕೂರುವ ಕಟ್ಟೆಗೆ ಬರುವ ಹೊತ್ತಿಗೆ ಸಿದ್ಧಾಂತದ ಮಟ್ಟಕ್ಕೆ ಏರಿರುತ್ತದೆ. ಆದರೂ ಶಾಸ್ತ್ರೀಯವಾದ ನಿರ್ಣಯ ಈವರೆಗೆ ಆಗಿಲ್ಲ. ಹಿಂದಿನ ನಿಬಂಧಕಾರರು ಏಕಾದಶಿ ಯಾವ ದಿನ, ಗ್ರಹಣದ ಸ್ನಾನ ಯಾವ ಹೊತ್ತಿಗೆ ಎಂದು ನಿರ್ಣಯಿಸಲು ಗ್ರಂಥಗಳನ್ನೇ ಬರೆದರು. ಕೂಸಿನ ಅರಿವಿಗೆ ಅವರಲ್ಲಿ ಯಾರೂ ಒಂದು ಅಧ್ಯಾಯ ಮೀಸಲಿಡಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅವರಲ್ಲಿ ಯಾರೂ ಒಗೆದವರಲ್ಲ.

ಈ ವಿವೇಚನೆಯ ಕ್ಷೇತ್ರ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ ಮತ್ತು ಅದರ ಸುತ್ತಲ ಎರೆಭೂಮಿ. ಒಂದು ಕಡೆ ಮಹಾರಾಷ್ಟ್ರದ ಗಡಿ, ಇನ್ನೊಂದು ಕಡೆ ಭೀಮೆಯನ್ನು ದಾಟಿ ಜೇವರ್ಗಿ. ಊರ ಹೆಸರಿನಲ್ಲಿರುವ ಸುಲ್ತಾನ ಯಾರೆಂಬುದನ್ನು ಇತಿಹಾಸಕಾರರಿಗೆ ಬಿಡಲಾಗಿದೆ. ಈ ಪ್ರಬಂಧಕ್ಕೆ ಸಂಬಂಧಪಟ್ಟ ಸುಲ್ತಾನ ತೊಟ್ಟಿಲಲ್ಲಿದ್ದಾನೆ.

ಉಡದಾರ ಪಂಥ

ಎರಡು ಪಂಥಗಳ ಜಗಳದಲ್ಲಿ ಮೂರನೆಯದೊಂದು, ಎಲ್ಲಕ್ಕಿಂತ ಹಳೆಯದು, ಮರೆತುಹೋಗುತ್ತದೆ. ಅದರ ಪ್ರಕಾರ ಕೂಸಿಗೆ ಉಡದಾರ ಸಾಕು: ಬಡವರಲ್ಲಿ ಕರಿ ದಾರದ್ದು, ಉಳ್ಳವರಲ್ಲಿ ಬೆಳ್ಳಿಯದು. ಈ ಪಂಥದಲ್ಲಿ ತಡೆ ಇಲ್ಲ, ಮುನ್ಸೂಚನೆ ಇದೆ. ಆಯಿ ನೆಲದ ಮೇಲೆ ಕಾಲು ಚಾಚಿ ಕೂತು, ಎರಡು ಪಾದಗಳ ನಡುವೆ ಕೂಸನ್ನು ಕೂಡಿಸಿಕೊಂಡು, ಬಾಯಲ್ಲಿ ‘ಸ್ಸ್, ಸ್ಸ್’ ಎನ್ನುತ್ತಾಳೆ. ಕೂಸು ಯೋಚಿಸುತ್ತದೆ, ಒಪ್ಪುತ್ತದೆ. ಕೂಸಿನ ಮುಖದ ಯಾವ ಸೊಟ್ಟಕ್ಕೆ ಯಾವ ಅರ್ಥ, ಯಾವ ಮೌನದ ನಂತರ ಎಷ್ಟು ಕ್ಷಣ ಉಳಿದಿರುತ್ತದೆ ಎಂಬ ಜ್ಞಾನ ಬಾಯಿಂದ ಬಾಯಿಗೆ ಬಂದದ್ದು, ಗುರುವಿಲ್ಲದೆ ಬರುವಂಥದ್ದಲ್ಲ. ಅಮೆರಿಕದವರು ಇದೇ ವಿದ್ಯೆಗೆ ‘ಎಲಿಮಿನೇಷನ್ ಕಮ್ಯುನಿಕೇಷನ್’ ಎಂದು ಹೆಸರಿಟ್ಟು ಪುಸ್ತಕ ಬರೆದು ಮಾರುತ್ತಿದ್ದಾರೆ. ಪುಸ್ತಕ ಓದಿದ ಆಯಿ ಕಿಣ್ಣಿ ಸುಲ್ತಾನದಲ್ಲಿ ಸಿಗುವುದು ಕಷ್ಟ, ಪುಸ್ತಕದಲ್ಲಿ ಇಲ್ಲದ್ದನ್ನು ಬಲ್ಲ ಆಯಿ ಓಣಿಗೆ ನಾಲ್ವರು ಸಿಗುತ್ತಾರೆ.

ಈ ಪಂಥಕ್ಕೆ ವಿಜ್ಞಾನದ ಬೆಂಬಲವೂ ಇದೆ. 2012ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಯಲು ಕಲಿತ ಎಳೆಯ ಮಕ್ಕಳನ್ನು ಮೂರು ಸ್ಥಿತಿಯಲ್ಲಿ ನಡೆಸಿ ನೋಡಿದರು: ದಪ್ಪ ಬಟ್ಟೆ ಕಟ್ಟಿ, ತೆಳು ಡೈಪರ್ ಹಾಕಿ, ಬರಿಮೈಯಲ್ಲಿ. ಬರಿಮೈಯ ಮಕ್ಕಳ ನಡಿಗೆ ಎಲ್ಲಕ್ಕಿಂತ ಚೆನ್ನಾಗಿತ್ತು. ಬಟ್ಟೆ ಕಟ್ಟಿದ ಮಕ್ಕಳು ಹೆಚ್ಚು ಬಿದ್ದರು. ಪ್ಯಾಂಪರಿನಿಂದ ಕೂಸಿನ ಕಾಲು ಸೊಟ್ಟಾಗುತ್ತದೆ ಎಂದು ಹಿರಿಯರು ಹೇಳುವಾಗ ಈ ಅಧ್ಯಯನವನ್ನು ಉಲ್ಲೇಖಿಸುವಂತಿಲ್ಲ, ಏಕೆಂದರೆ ಅದು ಅರಿವಿಯ ಮೇಲೆ ಇನ್ನೂ ಹೆಚ್ಚಿನ ಆರೋಪ ಹೊರಿಸುತ್ತದೆ. ಎಳೆಯ ಮಕ್ಕಳ ಕಾಲು ಎರಡು ವರ್ಷದವರೆಗೆ ಸ್ವಲ್ಪ ಬಾಗಿರುವುದು ಸಹಜ. ಏನೂ ಕಟ್ಟದಿದ್ದರೂ ಬಾಗಿರುತ್ತದೆ.

ಉಡದಾರ ಪಂಥಕ್ಕೆ ಇರುವ ದೋಷ ಒಂದೇ: ಒಂದು ಕೂಸಿಗೆ ಒಬ್ಬ ಹಿರಿಯ ಹೆಂಗಸು ಹಗಲು ರಾತ್ರಿ ಮುಡಿಪಾಗಿರಬೇಕು. ತೊಗರಿಯ ಕಳೆ ತೆಗೆಯುವ ದಿನಗಳಲ್ಲಿ ಅಂಥ ಹೆಂಗಸು ಮನೆಯಲ್ಲಿ ಉಳಿಯುವುದಿಲ್ಲ. ಇನ್ನು ಮುನ್ಸೂಚನೆ ತಪ್ಪಿ ಬಂದವರ ಮೈಮೇಲೆ ಉಚ್ಚಿ ಬಿದ್ದರೆ ಶುಭ ಎಂಬ ಪರಿಹಾರ ಸೂತ್ರವನ್ನು ಸಮಾಜ ಮೊದಲೇ ಒದಗಿಸಿದೆ. ಅತಿಥಿ ಧೋತರ ಝಾಡಿಸುತ್ತ ನಗಬೇಕಾಗುತ್ತದೆ.

ಅರಿವಿ ಪಂಥ

ಅರಿವಿಯ ಮೊದಲ ಲಕ್ಷಣ ಅದು ಹಳೆಯದಾಗಿರಬೇಕು ಎಂಬುದು. ಹೊಸ ಹತ್ತಿ ಬಟ್ಟೆ ನೀರು ಹೀರುವುದಿಲ್ಲ. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣದ ಪದರ ಇರುತ್ತದೆ, ಅದರ ಮೇಲೆ ಮಗ್ಗದವರು ಹಾಕಿದ ಗಂಜಿ. ಹತ್ತಾರು ಸಲ ಒಗೆದ ಮೇಲೆ ಇವೆರಡೂ ಕಳಚಿ ಬಟ್ಟೆ ಮೆತ್ತಗಾಗುತ್ತದೆ, ಬಾಯಾರಿಕೆಯೂ ಬರುತ್ತದೆ. ಐದೇಶಿ ಆಗುವತನಕ ಕೂಸಿಗೆ ಹೊಸ ಬಟ್ಟೆ ತೊಡಿಸದ ರೂಢಿ ಬಹಳ ಮನೆಗಳಲ್ಲಿದೆ. ಐದನೆಯ ದಿನ ರಾತ್ರಿ ಶೆಟವಿ ಬಂದು ಹಣೆಬರಹ ಬರೆಯುತ್ತಾಳೆ, ಹೊಸ ಬಟ್ಟೆ ಅದರ ನಂತರ. ಹಣೆಬರಹ ಬರೆಯುವುದಕ್ಕೂ ಹತ್ತಿಯ ಮೇಣಕ್ಕೂ ಸಂಬಂಧ ಕಲ್ಪಿಸುವ ಸಾಹಸವನ್ನು ಮುಂದಿನ ಸಂಶೋಧಕರಿಗೆ ಬಿಡುವುದು ಒಳ್ಳೆಯದು.

ಅರಿವಿಯ ಆಕರಗಳಲ್ಲಿ ತರತಮ ಉಂಟು. ಅಜ್ಜನ ಧೋತರ ಉತ್ತಮ. ಅವನ ಪಟಗ ಅತ್ಯುತ್ತಮ: ತಲೆಯ ಮೇಲೆ ಬಟ್ಟೆ ಕಡಿಮೆ ಸವೆಯುತ್ತದೆ, ಉದ್ದವಂತೂ ಬೇಕಾದಷ್ಟು. ಊರ ಪಂಚಾಯಿತಿಯಲ್ಲಿ ಮರ್ಯಾದೆಯ ಗುರುತಾಗಿ ಕೂತಿದ್ದ ಬಟ್ಟೆ ಕೊನೆಗೆ ಸೇರುವ ಸ್ಥಳವನ್ನು ನೆನೆದು ಯಾರೂ ನೊಂದದ್ದಿಲ್ಲ, ಅಜ್ಜನೂ ನೊಂದಿಲ್ಲ. ಆಯಿಯ ನೂಲಿನ ಸೀರೆ ಮಧ್ಯಮ. ಅಂಚಿನ ಗಟ್ಟಿ ನೇಯ್ಗೆ ಎಳೆಯ ತೊಡೆಗೆ ಒತ್ತುತ್ತದೆಂದು ಅಂಚನ್ನು ಕತ್ತರಿಸಿ ಕೌದಿಗೆ ಸೇರಿಸುತ್ತಾರೆ. ಅಪ್ಪನ ಅಂಗಿ ಅಧಮ.

ವಿದೇಶದ ಅರಿವಿ ಪಂಥಕ್ಕೂ ಈ ನಾಡಿಗೂ ಒಂದು ಬಾದರಾಯಣ ಸಂಬಂಧ ಇದೆ. ಪ್ಯಾಂಪರ್ ಬರುವ ಮುಂಚೆ ಬ್ರಿಟನ್ನಿನ ತಾಯಂದಿರು ಕಟ್ಟುತ್ತಿದ್ದುದು ಟರ್ಕಿ ಟವೆಲಿನ ಚೌಕ ತುಂಡು. ಆ ಬಗೆಯ ಟವೆಲಿಗೆ ಭೌಗೋಳಿಕ ಸೂಚ್ಯಂಕ ಪಡೆದ ಸೊಲ್ಲಾಪುರ ಆಳಂದದಿಂದ ಗಡಿ ದಾಟಿದರೆ ದೂರವಿಲ್ಲ. ಆದರೂ ಇಲ್ಲಿಯ ಆಯಿಗಳು ಸೊಲ್ಲಾಪುರದ ಟವೆಲನ್ನು ಮೈ ಒರೆಸಲು ಇಟ್ಟುಕೊಂಡು, ಕಟ್ಟಲು ಹಳೆ ಧೋತರವನ್ನೇ ಆರಿಸಿದರು. ದಪ್ಪ ಬಟ್ಟೆ ಹೆಚ್ಚು ಹೀರುತ್ತದೆ, ಬೇಗ ಒಣಗುವುದಿಲ್ಲ. ತೆಳು ಬಟ್ಟೆ ಕಡಿಮೆ ಹೀರಿದರೂ ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಹರವಿ ಕೆಳಗಿಳಿದು ಬರುವಷ್ಟರಲ್ಲಿ ಒಣಗಿರುತ್ತದೆ. ಉಷ್ಣಾಂಶ 42 ಡಿಗ್ರಿ ದಾಟುವ ಊರಿನಲ್ಲಿ ಇದೇ ಸರಿಯಾದ ಲೆಕ್ಕ. ಬಿಸಿಲಿನ ಅತಿನೇರಳೆ ಕಿರಣ ರೋಗಾಣುಗಳನ್ನು ಕೊಲ್ಲುವುದು ಪುಕ್ಕಟೆ ಸಿಗುವ ಲಾಭ.

ಉಪಕರಣಗಳ ವಿಷಯಕ್ಕೆ ಬಂದರೆ, ಮುಮ್ಮೂಲೆ ಮಡಿಕೆಯ ಲಂಗೋಟಿ ಗಂಟಿನ ಮೇಲೆ ನಿಲ್ಲುತ್ತದೆ. ಗಂಟು ಬಾರದ ಹೊಸ ತಾಯಂದಿರು ಬಳೆಗೆ ಸಿಕ್ಕಿಸಿಕೊಂಡ ಪಿನ್ನು ಬಳಸುತ್ತಾರೆ. 1849ರಲ್ಲಿ ವಾಲ್ಟರ್ ಹಂಟ್ ಪೇಟೆಂಟ್ ಪಡೆದ ಈ ಪಿನ್ನನ್ನು ಕಂಡರೆ ಆಯಿಗಳಿಗೆ ಇಂದಿಗೂ ಅಪನಂಬಿಕೆ. ಲಂಗೋಟಿಯ ಕೆಳಗೆ ಮೆಡಿಕಲ್ ಅಂಗಡಿಯ ರಬ್ಬರ್ ಶೀಟು, ಅದರ ಕೆಳಗೆ ಕೌದಿ. ಒಗೆತಕ್ಕೆ ಬಚ್ಚಲಲ್ಲಿ ಹಾಸಿದ ಶಹಾಬಾದಿ ಫರಸಿಕಲ್ಲು. ಕಲ್ಲೇನೋ ಒಳ್ಳೆಯದು, ನೀರು ಸರಿಯಿಲ್ಲ. ಬೋರಿನ ಗಡಸು ನೀರಲ್ಲಿ ಸೋಪು ನೊರೆ ಕೊಡುವ ಬದಲು ಬಿಳಿ ಗಷ್ಟು ಕೊಡುತ್ತದೆ, ಗಷ್ಟು ಬಟ್ಟೆಯಲ್ಲಿ ಕೂರುತ್ತದೆ, ಬಟ್ಟೆ ಕೂಸಿನ ಮೈಗೆ ಉಜ್ಜುತ್ತದೆ. ಆದ್ದರಿಂದ ಮೂರು ನೀರಿನಲ್ಲಿ ಜಾಲಿಸದೆ ಬಿಡಬಾರದು ಎಂದು ಈ ಪಂಥದ ಕಟ್ಟಾಜ್ಞೆ.

ಇಷ್ಟೆಲ್ಲ ಗಟ್ಟಿ ತಳಹದಿಯ ಪಂಥ ಇಂದು ಕ್ಷೀಣಿಸುತ್ತಿರುವುದಕ್ಕೆ ಪ್ಯಾಂಪರ್ ಕಾರಣ ಎಂಬುದು ಪ್ರಚಲಿತ ನಂಬಿಕೆ. ಅದು ಅರ್ಧ ಸತ್ಯ. ಉಳಿದ ಅರ್ಧ ಕಪಾಟಿನಲ್ಲಿದೆ. ಆಯಿಗಳು ಸಿಂಥೆಟಿಕ್ ಸೀರೆಗೆ ಬದಲಾದರು, ಅಜ್ಜಂದಿರ ನಂತರದವರು ಪ್ಯಾಂಟಿಗೆ ಬದಲಾದರು. ಪಾಲಿಯೆಸ್ಟರಿನ ಮೇಲೆ ನೀರು ಹಾಕಿದರೆ ಅದು ಹೀರುವುದಿಲ್ಲ, ಹರಿಯಲು ಬಿಡುತ್ತದೆ. ಅಂದರೆ ಅರಿವಿಯ ಕಚ್ಚಾಮಾಲೇ ತಯಾರಾಗುತ್ತಿಲ್ಲ. ಕಲಬುರಗಿಯಲ್ಲಿ ನಿಜಾಮರ ಕಾಲದಿಂದ ಬಟ್ಟೆ ನೇಯುತ್ತಿದ್ದ ಮಹಬೂಬ್ ಶಾಹಿ ಮಿಲ್ಲು, ಜನರ ಬಾಯಲ್ಲಿ ಎಂ.ಎಸ್.ಕೆ. ಮಿಲ್ಲು, ಮುಚ್ಚಿ ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ಮನೆಯಲ್ಲಿ ಅಳಿದುಳಿದ ನೂಲಿನ ಬಟ್ಟೆಯನ್ನೂ ಓಣಿಗೆ ಬರುವ ಪಾತ್ರೆಯವರು ಸ್ಟೀಲ್ ಡಬ್ಬಿ, ಬೋಗಾಣಿ ಕೊಟ್ಟು ಒಯ್ಯುತ್ತಾರೆ. ಒಂದು ಬೋಗಾಣಿಗೆ ಒಂದು ಕೂಸಿನ ಒಂದು ವರ್ಷದ ಅರಿವಿ ಎಂಬುದು ಇಂದಿನ ವಿನಿಮಯ ದರ.

ಪ್ಯಾಂಪರ್ ಪಂಥ

ಪ್ಯಾಂಪರ್ ಪಂಥದ ಆದಿಪುರುಷ ಒಬ್ಬ ಸ್ತ್ರೀ. ಅಮೆರಿಕದ ಮೇರಿಯನ್ ಡೊನೊವನ್ 1946ರಲ್ಲಿ ಬಚ್ಚಲುಮನೆಯ ಪರದೆಯನ್ನು ಕತ್ತರಿಸಿ, ಅರಿವಿಯ ಮೇಲೆ ಹಾಕುವ ಸೋರದ ಹೊದಿಕೆಯೊಂದನ್ನು ಹೊಲಿದಳು. 1951ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಕಾಗದದ ಎಸೆಯುವ ಡೈಪರಿನ ಯೋಚನೆ ಹೊತ್ತು ಕಂಪನಿಗಳ ಬಾಗಿಲು ತಟ್ಟಿದಾಗ ಗಂಡಸು ಅಧಿಕಾರಿಗಳು ಅದರ ಅಗತ್ಯವಿಲ್ಲ ಎಂದರು. ಅವರ ಮನೆಯಲ್ಲಿ ಅಗತ್ಯ ಬೀಳುತ್ತಿದ್ದುದು ಬೇರೆಯವರಿಗೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಎಂಜಿನಿಯರ್ ವಿಕ್ಟರ್ ಮಿಲ್ಸ್ ಮೊಮ್ಮಗುವಿನ ಅರಿವಿ ಬದಲಿಸಿ ಬೇಸತ್ತ ಮೇಲೆ ಈ ಕೆಲಸಕ್ಕೆ ಚಾಲನೆ ಸಿಕ್ಕಿತೆಂದು ಕಥೆ. 1961ರಲ್ಲಿ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂತು. ಒಬ್ಬ ಅಜ್ಜ ಕೆಲವು ದಿನ ಅರಿವಿ ಬದಲಿಸಿದ್ದಕ್ಕೆ ಒಂದು ಉದ್ಯಮವೇ ಹುಟ್ಟಿತು. ಆಳಂದ ತಾಲೂಕಿನ ಆಯಿಗಳು ಐವತ್ತು ವರ್ಷ ಬದಲಿಸಿದ್ದಕ್ಕೆ ಸೊಂಟನೋವು ಹುಟ್ಟಿತು. ಪ್ರತಿಭೆಗೂ ಪೇಟೆಂಟಿಗೂ ಇರುವ ಅಂತರವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಒಳಗಿರುವ ಮಾಯೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳಿನಂಥ ಪುಡಿ. ನೀರು ಕುಡಿದು ಉಬ್ಬುವ ಇಂಥ ವಸ್ತುಗಳ ಮೇಲೆ 1960ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯೂ ಕೆಲಸ ಮಾಡಿತ್ತು, ಹೊಲದಲ್ಲಿ ತೇವ ಹಿಡಿಯುವ ಉದ್ದೇಶದಿಂದ. 1980ರ ದಶಕದಲ್ಲಿ ಡೈಪರಿಗೆ ಬಂತು. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ, ಉಪ್ಪು ಬೆರೆತ ಉಚ್ಚಿಯಾದರೆ ಮೂವತ್ತು–ಐವತ್ತು ಪಟ್ಟಿಗೆ ಇಳಿಯುತ್ತದೆ. ಕಿಣ್ಣಿ ಸುಲ್ತಾನದ ರೈತನಿಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದೇನಿಲ್ಲ. ಅವನ ಹೊಲದ ಎರೆಮಣ್ಣು ಮಾಡುವುದೂ ಇದನ್ನೇ: ಮಳೆ ನೀರು ಕುಡಿದು ಉಬ್ಬುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ, ಆ ತೇವದ ಮೇಲೆ ಹಿಂಗಾರಿ ಜೋಳ ಬೆಳೆಯುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಡಿದದ್ದನ್ನು ಹಿಂದಿರುಗಿಸುತ್ತದೆ. ಪ್ಯಾಂಪರ್ ಹಿಂದಿರುಗಿಸುವುದಿಲ್ಲ.

ಭಾರತಕ್ಕೆ ಪ್ಯಾಂಪರ್ಸ್ ಕಾಲಿಟ್ಟದ್ದು 2006ರಲ್ಲಿ. ಹಳ್ಳಿಗೆ ಬಂದ ದಾರಿ ಬೇರೆ. ದುಡಿಯಲು ಪುಣೆ, ಮುಂಬಯಿ, ಬೆಂಗಳೂರಿಗೆ ಹೋದವರ ಚೀಲದಲ್ಲಿ ಮೊದಲು ಬಂತು. ಆಮೇಲೆ ಒಂದೆರಡು ಪೀಸಿನ ಪಾಕೀಟಾಗಿ ಕಿರಾಣಿ ಅಂಗಡಿಯಲ್ಲಿ ಶಾಂಪೂ, ಗುಟಕಾ ಜೊತೆ ಸರ ಸರವಾಗಿ ನೇತಾಡಿತು. ಬಿಡಿಯಾಗಿ ಸಿಗದ ವಸ್ತು ಹಳ್ಳಿಯಲ್ಲಿ ಬದುಕುವುದಿಲ್ಲ ಎಂಬುದನ್ನು ಕಂಪನಿಗಳು ಅರ್ಥಶಾಸ್ತ್ರದ ಪ್ರಾಧ್ಯಾಪಕರಿಗಿಂತ ಮೊದಲೇ ತಿಳಿದಿದ್ದವು. ಅದರ ಮೇಲೆ ಶೇಕಡಾ 12ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ಹಳೆ ಧೋತರದ ಮೇಲೆ ತೆರಿಗೆ ಹಾಕುವ ದಾರಿ ಸರ್ಕಾರಕ್ಕೆ ಇನ್ನೂ ಹೊಳೆದಿಲ್ಲ.

ಈ ಪಂಥದ ಪ್ರಚಾರದಲ್ಲಿ ಒಂದು ಘಟನೆ ಉಲ್ಲೇಖಾರ್ಹ. ಅಮೆರಿಕದ ಪ್ರಸಿದ್ಧ ಮಕ್ಕಳ ವೈದ್ಯ ಬೆರ್ರಿ ಬ್ರೇಜಲ್ಟನ್ 1962ರಲ್ಲಿ, ಶೌಚದ ಅಭ್ಯಾಸಕ್ಕೆ ಮಗುವನ್ನು ಅವಸರಪಡಿಸಬಾರದು, ಅದು ತಾನೇ ಸಿದ್ಧವಾಗಲಿ ಎಂದು ಪ್ರತಿಪಾದಿಸಿದ. 1998ರಲ್ಲಿ ಅವನೇ ದೊಡ್ಡ ಮಕ್ಕಳ ಅಳತೆಯ ಪ್ಯಾಂಪರ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡ. ಅವಸರ ಮಾಡದಿದ್ದರೆ ಯಾರಿಗೆ ಎಷ್ಟು ಲಾಭ ಎಂಬ ಲೆಕ್ಕ ಆಯಿಗೆ ತಿಳಿದಿರಲಿಲ್ಲ. ಅವಳು ‘ಸ್ಸ್, ಸ್ಸ್’ ಎಂದು ಅವಸರಪಡಿಸುತ್ತಲೇ ಇದ್ದಳು.

ಪ್ರಮಾಣ ವಿಚಾರ

ಯಾವ ಜ್ಞಾನವೂ ಪ್ರಮಾಣಗಳಿಂದ ಸಿದ್ಧವಾಗಬೇಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ.

ಪ್ರತ್ಯಕ್ಷಕ್ಕೆ ಸಿಗುವುದು ತೊಡೆಸಂದಿಯ ಕೆಂಪು ಗುಳ್ಳೆ. ಎರಡೂ ಪಂಥದವರು ಇದನ್ನು ಎದುರು ಪಂಥದ ಪಾಪಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ವೈದ್ಯಶಾಸ್ತ್ರ ಯಾರ ಪರವೂ ನಿಲ್ಲುವುದಿಲ್ಲ. ತೇವ ಉಳಿದರೆ ಚರ್ಮ ಮೆತ್ತಗಾಗುತ್ತದೆ, ಉಚ್ಚಿ ಹೇಲಿನ ಜೊತೆ ಸೇರಿದರೆ ಅದರ ಕ್ಷಾರ ಏರಿ ಹೇಲಿನಲ್ಲಿರುವ ಕಿಣ್ವಗಳು ಚರ್ಮವನ್ನು ತಿನ್ನತೊಡಗುತ್ತವೆ, ಬಿಟ್ಟರೆ ಶಿಲೀಂಧ್ರವೂ ಬಂದು ಕೂರುತ್ತದೆ. ಒದ್ದೆ ಅರಿವಿಯಲ್ಲಿ ಮಲಗಿದ ಕೂಸಿಗೂ ಬರುತ್ತದೆ, ಬೆಳಗಿನ ತನಕ ಬದಲಿಸದ ಪ್ಯಾಂಪರಿನ ಕೂಸಿಗೂ ಬರುತ್ತದೆ. ಅರಿವಿ ಒದ್ದೆಯಾದರೆ ಕೂಸು ಅತ್ತು ತಿಳಿಸುತ್ತದೆ. ಪ್ಯಾಂಪರ್ ಮಾತ್ರ ಕೂಸಿನ ಬಾಯಿಯನ್ನೂ ಕಟ್ಟುತ್ತದೆ. ತುಂಬಿ ಮೊಣಕಾಲಿಗೆ ಜೋತರೂ ‘ಇನ್ನೊಂದು ತಾಸು ಹಿಡಿತದ’ ಎಂದು ಹತ್ತು ರೂಪಾಯಿಯ ವಸೂಲಿಗೆ ನಿಲ್ಲುವುದು ಈ ಪಂಥದ ಮುಖ್ಯ ದುರಾಚಾರ. ಬೇಸಿಗೆಯಲ್ಲಂತೂ ಮೂರು–ನಾಲ್ಕು ತಾಸಿಗೊಮ್ಮೆ ಬಿಚ್ಚಿ, ಮೈಗೆ ಗಾಳಿ ಆಡಲು ಬಿಡಬೇಕು. ಪೌಡರ್ ಸುರಿಯುವುದರಿಂದ ಚರ್ಮಕ್ಕೆ ಲಾಭವಿಲ್ಲ, ಉಸಿರಿಗೆ ಅಪಾಯವಿದೆ.

ಅನುಮಾನ ಪ್ರಮಾಣಕ್ಕೆ ಲೆಕ್ಕ ಬೇಕು. ಪೀಸಿಗೆ ಹತ್ತು ರೂಪಾಯಿ ಹಿಡಿದು ದಿನಕ್ಕೆ ನಾಲ್ಕಾದರೆ ತಿಂಗಳಿಗೆ 1,200 ರೂಪಾಯಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ತಿಂಗಳಲ್ಲಿ ಮೂರು ದಿನಕ್ಕಿಂತ ಹೆಚ್ಚು ಹೊತ್ತು ಅಪ್ಪ ಬದು ಕಡಿಯುವುದು ಕೂಸಿನ ಉಚ್ಚಿಗಾಗಿ. ಎರಡೂವರೆ ವರ್ಷಕ್ಕೆ 36,000. ರಾತ್ರಿಗೊಂದರಂತೆ ಹಾಕಿದರೆ 9,000. ಅರಿವಿಯ ಕಡೆ ಸೋಪು, ನೀರು ಮತ್ತು ಒಗೆಯುವ ಕೂಲಿ ಹಿಡಿಯಬೇಕು. ಒಗೆಯುವ ಕೂಲಿಯನ್ನು ಈವರೆಗಿನ ಎಲ್ಲ ಲೆಕ್ಕಗಳಲ್ಲೂ ಸೊನ್ನೆ ಎಂದು ಬರೆಯಲಾಗಿದೆ. ಆ ಸೊನ್ನೆಯ ವಿಚಾರ ಮುಂದೆ ಬರುತ್ತದೆ.

ನೀರಿನ ಲೆಕ್ಕ ಇನ್ನೂ ರಸಮಯ. 2019ರ ಆಗಸ್ಟ್ 15ರಂದು ಘೋಷಿಸಿದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು. ಕೂಸೂ ವ್ಯಕ್ತಿಯೇ. ಹತ್ತು–ಹನ್ನೆರಡು ಅರಿವಿಯನ್ನು ನೆನೆಸಿ, ಒಗೆದು, ಮೂರು ನೀರಿನಲ್ಲಿ ಜಾಲಿಸಲು ಮೂರು ಬಕೆಟ್ ಹಿಡಿದರೆ ಕೂಸಿನ ಪಾಲು ಅಲ್ಲಿಗೆ ಮುಗಿಯಿತು, ಕುಡಿಯಲು ಹನಿ ಉಳಿಯುವುದಿಲ್ಲ. ಆದರೆ ಆರು ತಿಂಗಳವರೆಗೆ ಕೂಸಿಗೆ ತಾಯಿ ಹಾಲಲ್ಲದೆ ನೀರನ್ನೂ ಕೊಡಬಾರದೆಂದು ವೈದ್ಯರು ಹೇಳಿರುವುದರಿಂದ ಆಯವ್ಯಯ ಸರಿದೂಗುತ್ತದೆ. ಸರ್ಕಾರದ ಎರಡು ಇಲಾಖೆಗಳ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಹೊಂದಿದ ಉದಾಹರಣೆ ಅಪರೂಪ. ಬಾಣಂತಿಗೂ ಕೂಸಿಗೂ ಎರೆಯುವ ಹಂಡೆಗಟ್ಟಲೆ ಬಿಸಿನೀರನ್ನು ಈ ಲೆಕ್ಕಕ್ಕೆ ತಂದರೆ ಮಾತ್ರ ಕೆಡುತ್ತದೆ, ಆದ್ದರಿಂದ ತಂದಿಲ್ಲ. ನಳದಲ್ಲಿ ನೀರು ಬಾರದ, ಟ್ಯಾಂಕರ್ ಕಾಯುವ ಏಪ್ರಿಲ್‌ನಲ್ಲಿ ಅರಿವಿ ಪಂಥದ ಕಟ್ಟಾಳುಗಳೂ ಅಂಗಡಿಯ ಕಡೆ ನೋಡುವುದುಂಟು.

ಭೂಮಿಯ ಬಿಸಿಯ ಮೇಲೆ ಯಾವುದರ ಭಾರ ಹೆಚ್ಚು ಎಂದು ಬ್ರಿಟನ್ನಿನ ಪರಿಸರ ಇಲಾಖೆ ತೂಗಿ ನೋಡಿದೆ. 2008ರ ವರದಿಯಂತೆ ಎರಡೂವರೆ ವರ್ಷದಲ್ಲಿ ಎಸೆಯುವ ಡೈಪರಿನಿಂದ ಸುಮಾರು 550 ಕಿಲೊ ಇಂಗಾಲಾನಿಲ, ಬಟ್ಟೆಯದರಿಂದ 570. ಪ್ಯಾಂಪರ್ ಪಂಥದವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಮುಂದೆ ಓದಿದರೆ, ಬಟ್ಟೆಯ ಭಾರದ ಬಹುಪಾಲು ಬಿಸಿನೀರಿನ ಯಂತ್ರದಲ್ಲಿ ಒಗೆದು ಕರೆಂಟಿನ ಯಂತ್ರದಲ್ಲಿ ಒಣಗಿಸುವುದರಿಂದ ಬಂದದ್ದು. ಯಂತ್ರ ತುಂಬುವಷ್ಟು ಹಾಕಿ ಒಗೆದು, ಬಯಲಲ್ಲಿ ಒಣಗಿಸಿ, ಎರಡನೆಯ ಕೂಸಿಗೂ ಅದನ್ನೇ ಕಟ್ಟಿದರೆ ಸುಮಾರು 370ಕ್ಕೆ ಇಳಿಯುತ್ತದೆ. 2023ರ ಹೊಸ ಅಧ್ಯಯನ ಬಟ್ಟೆಯ ಕಡೆ ಇನ್ನಷ್ಟು ವಾಲಿ, ಶೇಕಡಾ 25ರಷ್ಟು ಕಡಿಮೆ ಭಾರ ಎಂದಿತು. ಬಟ್ಟೆ ಒಣಗಿಸಲು ಕರೆಂಟು ಸುಡುವ ಕಲ್ಪನೆ ಕಿಣ್ಣಿ ಸುಲ್ತಾನದ ಮಾಳಿಗೆಯ ಮೇಲೆ ನಿಂತವರಿಗೆ ಬರುವುದು ಕಷ್ಟ. ಇನ್ನು ಅರಿವಿಯನ್ನು ಎರಡನೆಯ ಕೂಸಿಗೆ ದಾಟಿಸುವುದು ಇಲ್ಲಿ ಪರಿಸರ ಕಾಳಜಿ ಅಲ್ಲ, ವಾರಸುದಾರಿಕೆ.

ಉಪಮಾನ ಪ್ರಮಾಣವೆಂದರೆ ಬಾಜೂ ಮನೆಯ ಕೂಸು. ಅದು ಯಾವಾಗಲೂ ಹೆಚ್ಚು ನಿದ್ದೆ ಮಾಡುತ್ತದೆ.

ಶಬ್ದ ಪ್ರಮಾಣ ಎರಡು ಮೂಲದ್ದು: ಅತ್ತೆಯದು ಮತ್ತು ಟೀವಿಯದು. ಟೀವಿಯಲ್ಲಿ ಕೂಸಿನ ಉಚ್ಚಿ ನೀಲಿ ಬಣ್ಣದ್ದು; ಅಂಥದ್ದು ಮೂರು ತಾಲೂಕುಗಳಲ್ಲಿ ಎಲ್ಲಿಯೂ ಕಂಡುಬಂದಿಲ್ಲವಾದ್ದರಿಂದ ಆ ಶಬ್ದ ಅಪ್ರಮಾಣ. ಅತ್ತೆಯ ವಾಕ್ಯ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಪಾಠದಲ್ಲಿ ಸಿಗುತ್ತದೆ: ‘ನಾವು ಆರು ಹಡದೀವಿ, ಒಂದಕ್ಕಾದ್ರ ಪ್ಯಾಂಪರ್ ಕಟ್ಟೀವೇನು?’ ಸೊಸೆಯ ಉತ್ತರಪಕ್ಷಕ್ಕೆ ಮಾತ್ರ ಪಾಠಾಂತರಗಳಿವೆ. ಅವುಗಳಲ್ಲಿ ಪ್ರಾಚೀನವಾದದ್ದು ಮೌನ. ಅರ್ವಾಚೀನವಾದದ್ದು: ‘ಖರೇ ಅದ ಬಿಡ್ರಿ ಅತ್ತಿ. ಇವತ್ತಿನ ಬುಟ್ಟಿ ನೀವು ಒಗೀರಿ, ನಾ ಹೊಲಕ್ಕ ಹೋಗಿ ಬರ್ತೀನಿ.’

ವಿಸರ್ಜನೆಯ ನಂತರದ ವಿಸರ್ಜನೆ

ಅರಿವಿಯ ಅಂತ್ಯ ಸರಳ. ಹರಿದರೆ ಒಲೆ ಒರೆಸುವ ಮಸಿಬಟ್ಟೆ, ಅದೂ ಹರಿದರೆ ತಿಪ್ಪೆ, ತಿಪ್ಪೆಯಿಂದ ಮಣ್ಣು. ಪ್ಯಾಂಪರಿನ ಅಂತ್ಯದ ಬಗ್ಗೆ ಶಾಸ್ತ್ರವಾಕ್ಯ ಇದೆ: ಅದು ಕರಗಲು ಐನೂರು ವರ್ಷ. ಐನೂರು ವರ್ಷ ಕೂತು ನೋಡಿದವರಿಲ್ಲ. ಜಗತ್ತಿನ ಅತಿ ಹಿರಿಯ ಪ್ಯಾಂಪರಿಗೂ ಎಪ್ಪತ್ತು ತುಂಬಿಲ್ಲ. ಮಾತನ್ನು ಹಾಗೆಯೇ ಒಪ್ಪಿದರೆ, 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಅರಸನ ಮನೆಯಲ್ಲಿ ಎಸೆದ ಪ್ಯಾಂಪರ್, ರಾಜ್ಯ ಹೋಗಿ, ಆದಿಲಶಾಹಿ ಹೋಗಿ, ಮೊಗಲರು ಬಂದು ಹೋಗಿ, ನಿಜಾಮನ ಆಳ್ವಿಕೆಯ ನಡುವೆ 1847ರಲ್ಲಿ ಕರಗಿ ಮುಗಿಯುತ್ತಿತ್ತು. ಇತಿಹಾಸಕ್ಕಿಂತ ಗಟ್ಟಿ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನು ನೈರ್ಮಲ್ಯ ತ್ಯಾಜ್ಯದಲ್ಲಿ ಸೇರಿಸಿ, ತಯಾರಕರು ಎಸೆಯಲು ಚೀಲ ಒದಗಿಸಬೇಕು, ಬಳಸಿದವರು ಭದ್ರವಾಗಿ ಸುತ್ತಿ ಬೇರೆ ಕೊಡಬೇಕು ಎಂದಿದ್ದವು. ಹೆಂಗಸರೇ ಓಡಿಸುವ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ಓಣಿಗೆ ಬರುವ ಊರಲ್ಲಿ ಇದು ಆಗುವ ಮಾತು. ಗಾಡಿ ಬಾರದ ದಿನ ಪ್ಯಾಂಪರಿಗೆ ಮೂರು ಗತಿ. ನಾಯಿ ಎಳೆದೊಯ್ದು ಸಮಾಜದ ಗಣ್ಯರ ಮನೆಯ ಮುಂದೆ ಬಿಚ್ಚುವುದು ಮೊದಲನೆಯದು, ಇದರಲ್ಲಿ ಸಾಮಾಜಿಕ ನ್ಯಾಯ ಇದೆ. ಎರಡನೆಯದು ಹಳ್ಳ. ಹಳ್ಳದಿಂದ ಅಮರ್ಜಾ ನದಿಗೆ ಸೇರಿದ್ದು ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ, ಅಲ್ಲಿ ದೂರದೂರದ ಭಕ್ತರು ಮುಳುಗೇಳುತ್ತಾರೆ. ಮೂರನೆಯದು ತಿಪ್ಪೆ, ಇದೇ ಹೆಚ್ಚು ಅಪಾಯದ್ದು. ತಿಪ್ಪೆಗೊಬ್ಬರ ಬೇಸಿಗೆಯಲ್ಲಿ ಬಂಡಿ ಏರಿ ಹೊಲಕ್ಕೆ ಹೋಗುತ್ತದೆ, ಮೃಗಶಿರಾ ಮಳೆಗೆ ತೊಗರಿಯ ಸಾಲಿನ ನಡುವೆ ಕಳೆದ ವರ್ಷದ ಪ್ಯಾಂಪರ್ ಉಬ್ಬಿ ಎದ್ದು ಕೂರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚ್ಯಂಕದಲ್ಲಿ ಮಣ್ಣಿನ ಗುಣವನ್ನು ಹೊಗಳಲಾಗಿದೆ. ಈ ಹೊಸ ಘಟಕದ ಉಲ್ಲೇಖ ಅದರಲ್ಲಿಲ್ಲ.

ಸೊನ್ನೆಯ ವಿಚಾರ

ಎಲ್ಲ ಅಧ್ಯಯನಗಳಲ್ಲಿ ಬಿಟ್ಟುಹೋದ ಅಂಶ ಒಗೆಯುವವಳು. ಅವಳನ್ನು ಲೆಕ್ಕಕ್ಕೆ ತಂದೊಡನೆ ಅದುವರೆಗೆ ಅರ್ಥವಾಗದ ಹಲವು ಸಂಗತಿಗಳು ಸರಳವಾಗಿ ಬಿಡಿಸಿಕೊಳ್ಳುತ್ತವೆ.

ಚೊಚ್ಚಲ ಬಾಣಂತನ ತವರಿನಲ್ಲಿ. ಅಲ್ಲಿ ಒಗೆಯುವವಳು ಬಾಣಂತಿಯ ತಾಯಿ, ಆದ್ದರಿಂದ ಅರಿವಿ ಪಂಥ ಅಬಾಧಿತ. ಐದನೆಯ ತಿಂಗಳಿಗೆ ಕೂಸು ತೊಟ್ಟಿಲ ಸಮೇತ ಗಂಡನ ಮನೆಗೆ ಬರುತ್ತದೆ. ಅದೇ ಕೂಸು, ಅದೇ ಅರಿವಿ, ಒಗೆಯುವವಳು ಬದಲಾದಳು. ವಾರದೊಳಗೆ ಮನೆ ಪ್ಯಾಂಪರ್ ಪಂಥಕ್ಕೆ ಸೇರುತ್ತದೆ. ಪಂಥಾಂತರಕ್ಕೆ ತತ್ವಜಿಜ್ಞಾಸೆ ಕಾರಣವಲ್ಲ, ಬೆನ್ನು ಕಾರಣ. ಹಾಗೆಯೇ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ತವರಿಗೆ ಹೋಗಿಬರುವುದು ಸಲೀಸಾಯಿತು. ಒಗೆಯಲು ಕಲ್ಲೂ ಇಲ್ಲ ನೀರೂ ಇಲ್ಲದ ಬಸ್ಸಿನಲ್ಲಿ ಅರಿವಿಯ ಪರ ವಾದಿಸುವವರು ಯಾರೂ ಇಲ್ಲ. ಪಕ್ಕದ ಸೀಟಿನವರಂತೂ ಖಂಡಿತ ಇಲ್ಲ.

ಇನ್ನೊಂದು ನಿಯಮ ಅವಲೋಕನದಿಂದ ಸಿದ್ಧ: ಅರಿವಿಯ ಪರವಾಗಿ ಎತ್ತುವ ದನಿಯ ಎತ್ತರವು ಒಗೆಯುವ ಕಲ್ಲಿನಿಂದ ಮಾತಾಡುವವರಿಗಿರುವ ದೂರದ ನೇರ ಅನುಪಾತದಲ್ಲಿರುತ್ತದೆ. ಬಚ್ಚಲಲ್ಲಿ ಕೂತವಳು ಏನೂ ಹೇಳುವುದಿಲ್ಲ. ಪಡಸಾಲೆಯಲ್ಲಿರುವ ಅತ್ತೆ ಹೇಳುತ್ತಾಳೆ. ಅಂಗಳದ ಮಾವ ಒತ್ತಿ ಹೇಳುತ್ತಾನೆ. ಅಗಸಿಕಟ್ಟೆಯ ಮೇಲೆ ಕೂತವನು ನಮ್ಮ ಪರಂಪರೆಯ ಬಗ್ಗೆ ಅರ್ಧ ತಾಸು ಮಾತಾಡುತ್ತಾನೆ, ಪುಣೆಯಿಂದ ಮೊಬೈಲಿನಲ್ಲಿ ಮಾತಾಡುವ ಗಂಡ ಭೂಮಿತಾಯಿಯ ಬಗ್ಗೆ ಮಾತಾಡುತ್ತಾನೆ. ಪ್ಯಾಂಪರಿನ ಪರ ದನಿಗೂ ಇಂಥದೇ ನಿಯಮ ಇದೆ, ಅಳತೆ ಮಾತ್ರ ತಿಪ್ಪೆಯಿಂದ ಇರುವ ದೂರ.

ಗಂಡಸರು ಒಗೆಯುವ ಪಕ್ಷದ ಬಗ್ಗೆ ಸಾಮಗ್ರಿ ಸಾಲದು.

ನಿರ್ಣಯ

ಮನೆಯಲ್ಲಿರುವ ಹಗಲು ಅರಿವಿ. ರಾತ್ರಿ, ಬಸ್ಸು, ಜಾತ್ರೆ, ಮದುವೆ, ಜಡಿಮಳೆಯ ವಾರ ಮತ್ತು ಟ್ಯಾಂಕರ್ ಬಾರದ ದಿನ ಪ್ಯಾಂಪರ್. ಬೇಸಿಗೆಯ ಮಧ್ಯಾಹ್ನ ಉಡದಾರ. ಇದು ಮೂರೂ ಪಂಥಗಳಿಗೆ ಸಮ್ಮತವಲ್ಲ, ಆದ್ದರಿಂದ ಸರಿಯಾಗಿರುವ ಸಾಧ್ಯತೆ ಹೆಚ್ಚು. ಪ್ಯಾಂಪರಿನಲ್ಲಿ ಬಿದ್ದ ಹೇಲನ್ನು ಮೊದಲು ಪಾಯಖಾನೆಗೆ ಝಾಡಿಸಿ, ಪ್ಯಾಂಪರನ್ನು ಹಳೆ ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. ಗಾಡಿ ಬಾರದಿದ್ದರೆ ಪಂಚಾಯಿತಿಗೆ ಹೋಗಿ ಕೇಳಬೇಕು, ಹಳ್ಳಕ್ಕೆ ಹೋಗಬಾರದು. ಮನೆಯಲ್ಲಿ ಮತಭೇದ ಬಂದರೆ ಹಿಂದಿನ ದಿನದ ಬುಟ್ಟಿ ಒಗೆದವರಿಗೆ ಮಾತ್ರ ಮತದ ಹಕ್ಕು. ಒಗೆಯದವರು ಅಭಿಪ್ರಾಯ ಹೇಳಲೇಬೇಕೆಂದಿದ್ದರೆ ಒಂದು ಬುಟ್ಟಿ ಒಗೆದು, ಮೂರು ನೀರಿನಲ್ಲಿ ಜಾಲಿಸಿ, ಮಾಳಿಗೆಯ ಮೇಲೆ ಹರವಿ ಬಂದು ಹೇಳಬಹುದು.

ಅಜ್ಜನ ನೂಲಿನ ಧೋತರವೋ ಪಟಗವೋ ಮನೆಯ ಟ್ರಂಕಿನಲ್ಲಿ ಉಳಿದಿರುವ ಓದುಗರು ಮುಂದಿನ ಸಲ ಪಾತ್ರೆಯವಳು ಓಣಿಗೆ ಬಂದಾಗ ಅದನ್ನು ಹೊರಗೆ ತೆಗೆಯಬಾರದೆಂದು ವಿನಂತಿ. ಬೋಗಾಣಿ ಸಂತೆಯಲ್ಲೂ ಸಿಗುತ್ತದೆ.